ಮೇಲಿನ ಕೆರೆಯ ಪಾಲು

ವಸತಿಗೃಹ, ಕೆಳಗಿನ ಜಲಾಶಯ
ಜನವರಿ ೯

ಅಕ್ಕನಿಗೆ,

ನಮ್ಮ ಪತ್ರ ಒಯ್ಯುವ ಹಾಲಿನ ಗಾಡಿಯವನು ಬಾಗಿಲಲ್ಲಿ ನಿಂತು ಹಾರನ್ ಒತ್ತುತ್ತಿದ್ದ. ಅವನಿಗೆ ಚಹಾ ಕೊಟ್ಟು ಕೂರಿಸಿ ಇದನ್ನು ಬರೆಯುತ್ತಿದ್ದೇನೆ. ನಿನ್ನ ಬೆಟ್ಟಕ್ಕೆ ಫೋನಿನ ಗೋಪುರ ಬರುವ ಹೊತ್ತಿಗೆ ನಾವಿಬ್ಬರೂ ಹಲ್ಲು ಉದುರಿದ ಮುದುಕಿಯರಾಗಿರುತ್ತೇವೆ, ಆಗ ಏನು ಮಾತಾಡಿದರೂ ಒಬ್ಬರದು ಒಬ್ಬರಿಗೆ ಅರ್ಥವಾಗುವುದಿಲ್ಲ.

ಈ ಸಲ ಚಳಿಗಾಲದಲ್ಲೇ ಜನ ಬರುತ್ತಿದ್ದಾರೆ. ಬಯಲಿನ ಊರುಗಳವರಿಗೆ ನಮ್ಮ ಬೋಳು ಬೆಟ್ಟಗಳ ನಡುವೆ ನೀರು ಕಂಡರೆ ಏನೋ ಆಗುತ್ತದೆ. ಜಲಾಶಯ, ನಡುವಿನ ಹೊಂಡ, ಮೇಲೆ ನಿನ್ನ ಕೆರೆ, ಹೀಗೆ ಒಂದು ಸುತ್ತು ಹಾಕಿಸುತ್ತೇವೆ. "ಇಷ್ಟು ಒಣಗಿದ ಜಾಗದಲ್ಲಿ ಇಷ್ಟು ನೀರು ಎಲ್ಲಿಂದ ಬಂತಮ್ಮ?" ಎಂದು ಕೇಳುತ್ತಾರೆ. ಮೇಲಿಂದ ಎನ್ನುತ್ತೇನೆ. ಅವರು ಆಕಾಶ ನೋಡುತ್ತಾರೆ, ನಾನು ನಿನ್ನ ಕೆರೆಯ ಕಡೆ ಕೈ ತೋರಿಸುತ್ತೇನೆ.

ದೋಣಿಗಳ ಗುತ್ತಿಗೆ ಹಿಡಿದವನು ಹೊಸಬ. ಊಟಕ್ಕೆ ಕೂತಾಗಲೂ ಕೊರಳಲ್ಲಿ ಶಿಳ್ಳೆ ನೇತಾಡುತ್ತಿರುತ್ತದೆ, ಅದಕ್ಕೆ ಕೆಲಸದವರೆಲ್ಲ ಅವನನ್ನು ಶಿಳ್ಳೆ ಸಾಹೇಬ ಎನ್ನುತ್ತಾರೆ. ಅವನಿಗೆ ನಮ್ಮ ಬೀಗದ ಕೈಗಳ ವಿಷಯ ಬಿಡಿಸಿ ಹೇಳುವಷ್ಟರಲ್ಲಿ ನನಗೆ ಸಾಕುಸಾಕಾಯಿತು.

"ಮೇಲಿನ ಕೆರೆ ತೂಬಿನ ಬೀಗದ ಕೈ ನನ್ನ ಹತ್ರ ಇದೆ, ನಮ್ಮ ಜಲಾಶಯದ್ದು ಅಕ್ಕನ ಹತ್ರ ಇದೆ" ಅಂದೆ.

"ಅದಲುಬದಲಾಗಿದ್ಯಾ?" ಅಂದ.

"ಇಲ್ಲ, ಕಾವಲು ಕೆಲಸ ನಮಗೆ ಬಿಡೋವಾಗ ಅಪ್ಪ ಬೇಕೂಂತಲೇ ಹಾಗೆ ಕೊಟ್ಟಿದ್ದು. ಕೆರೆ ಒಬ್ಬರದು, ಬೀಗದ ಕೈ ಇನ್ನೊಬ್ಬರದು. ಇಬ್ಬರೂ ಎದುರುಬದುರು ನಿಂತು ನೀರು ನೋಡಿದ ಮೇಲೇ ತೂಬು ತೆಗೀಬೇಕು."

"ಅಂದ್ರೆ ಅಕ್ಕತಂಗಿ ಜಗಳ ಆಡಿದ್ರೆ ನನ್ನ ದೋಣಿ ನಿಂತ್ಹೋಗುತ್ತೆ" ಅಂದ. ನಾವು ಜಗಳ ಆಡುವುದು ಅಮ್ಮನ ಪಾತ್ರೆಗಳಿಗೆ, ನೀರಿಗಲ್ಲ ಎಂದು ನಕ್ಕುಬಿಟ್ಟೆ.

ಎರಡು ವರ್ಷ ಮಳೆ ಸರಿಯಾಗಿ ಆಗಿದ್ದಕ್ಕೆ ನಿನ್ನ ಕೆರೆಯಿಂದ ನಮಗೆ ಪಾಲು ಬೇಕಾಗಲಿಲ್ಲ, ನಾನೂ ಮೇಲೆ ಹತ್ತಲಿಲ್ಲ. ಈ ಸಲ ಬೇಕು. ನೀರು ಹಿಂದೆ ಸರಿದು ದೋಣಿಕಟ್ಟೆ ಕೆಸರಲ್ಲಿ ನಿಂತಿದೆ. ಶಾಲೆಗಳ ರಜೆ ಶುರುವಾಗುವ ಹೊತ್ತಿಗೆ ದೋಣಿ ತೇಲದಿದ್ದರೆ ಶಿಳ್ಳೆ ಸಾಹೇಬ ಅವನ್ನೆಲ್ಲ ಲಾರಿಗೆ ಹೇರಿಕೊಂಡು ಬೇರೆ ಜಲಾಶಯಕ್ಕೆ ಹೋಗುತ್ತಾನಂತೆ. ದೋಣಿಯಿಲ್ಲದ ವಸತಿಗೃಹಕ್ಕೆ ಯಾರು ಬರುತ್ತಾರೆ? ಇವರು ಅಡುಗೆಮನೆಯಲ್ಲಿ ಕೂತು ನೊಣ ಹೊಡೆಯಬೇಕಾಗುತ್ತದೆ. ಫೆಬ್ರವರಿಯಲ್ಲಿ ಬರಲೇ?

ನಿನ್ನ ತಂಗಿ


ಮೇಲಿನ ಕೆರೆ
ಜನವರಿ ೨೦

ಪುಟ್ಟೀ,

ನೀನು ಜನರಿಗೆ ಕೈ ತೋರಿಸಿ ಸುಮ್ಮನಾಗುತ್ತೀ. ಅವರು ಬಂದು ಒಕ್ಕರಿಸುವುದು ನನ್ನ ತಲೆಯ ಮೇಲೆ. ಮೊನ್ನೆ ಒಬ್ಬಳು ಕೆರೆಯ ಮೆಟ್ಟಿಲ ಮೇಲೆ ಕೂತು ತಲೆಗೆ ಶಾಂಪೂ ಹಚ್ಚಿಕೊಳ್ಳುತ್ತಿದ್ದಳು. "ಇದು ಕುಡಿಯೋ ನೀರಮ್ಮಾ" ಅಂದೆ. "ನಾವು ಬಾಟಲಿ ತಂದಿದ್ದೀವಿ, ನಮಗೇನೂ ತೊಂದರೆ ಇಲ್ಲ" ಅಂದಳು. ನನಗೆ ಬಂದ ಸಿಟ್ಟಿಗೆ ಅವಳನ್ನು ಜುಟ್ಟು ಹಿಡಿದು ಎಬ್ಬಿಸಬೇಕು ಅನ್ನಿಸಿತ್ತು, ನೊರೆಯಲ್ಲಿ ಕೈ ಜಾರುತ್ತದೆ ಎಂದು ಬಿಟ್ಟೆ. ಅವಳ ಗಂಡ ಗೋಡೆಯ ಮೇಲೆ ಹತ್ತಿ ನಿಂತು, "ಇಲ್ಲಿ ಬಿದ್ರೆ ಎಷ್ಟು ಆಳ ಇದೆ?" ಎಂದು ಕೇಳಿದ. "ಬಿದ್ದು ನೋಡಿ" ಅಂದೆ. ಮುಖ ಸಣ್ಣದು ಮಾಡಿಕೊಂಡು ಇಳಿದ. ಇನ್ನು ಇಂಥವರನ್ನು ಕಳಿಸಬೇಡ.

ನೀನೂ ಈ ವರ್ಷ ಬರುವುದು ಬೇಡ. ದೊಡ್ಡ ತಿರುವಿನ ಹತ್ತಿರ ದಾರಿ ಕುಸಿದಿದೆ. ನಿನ್ನ ಮಂಡಿಯೂ ಸರಿಯಿಲ್ಲ. ಕೆರೆಗೇನಾಗಿದೆ, ಚೆನ್ನಾಗಿಯೇ ಇದೆ. ನಾನು ದಿನಾ ನೋಡುತ್ತಿದ್ದೇನಲ್ಲ.

ನಿನ್ನ ಭಾವ ಕುರಿ ಹೊಡೆದುಕೊಂಡು ಹಿಂದಿನ ಇಳಿಜಾರಿಗೆ ಹೋಗಿದ್ದಾರೆ, ಬೇಸಿಗೆ ಮುಗಿಯುವ ತನಕ ಅಲ್ಲೇ. ಅತ್ತೆಯ ಕಣ್ಣಿಗೆ ಪೊರೆ ಪೂರ್ತಿ ಬಲಿತಿದೆ. ನಿನ್ನೆ ನನ್ನನ್ನು ಮುಟ್ಟಿ ನೋಡಿ, "ಯಾರದು, ದಪ್ಪಗಾಗಿದ್ದೀಯಲ್ಲ" ಎಂದರು. ಕಣ್ಣು ಕಾಣದಿದ್ದರೂ ಕೊಂಕಿಗೆ ಕಮ್ಮಿಯಿಲ್ಲ.

ಅಕ್ಕ


ವಸತಿಗೃಹ
ಫೆಬ್ರವರಿ ೬

ಅಕ್ಕಾ,

ದಾರಿ ಕುಸಿದಿದೆ ಎಂದು ನೀನು ಬರೆದೆ. ಹೋದ ವಾರ ನಮ್ಮಲ್ಲಿ ಉಳಿದಿದ್ದ ಒಬ್ಬ ಫೋಟೋದವನು ಅದೇ ದಾರಿಯಲ್ಲಿ ಕಾರು ಓಡಿಸಿಕೊಂಡು ಹೋಗಿ ಸಂಜೆಗೆ ವಾಪಸು ಬಂದ. ತಿರುವಿನಲ್ಲಿ ಒಂದು ಕಲ್ಲೂ ಅಲುಗಿಲ್ಲವಂತೆ. ನನ್ನಿಂದ ಏನು ತಪ್ಪಾಯಿತು ಹೇಳು. ಅಮ್ಮನ ತಾಮ್ರದ ಹಂಡೆ ನಾನು ತಂದಿಟ್ಟುಕೊಂಡೆ ಎಂದು ಇನ್ನೂ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದೀಯಾ? ಬರಬೇಡ ಎನ್ನುವುದಾದರೆ ನೇರ ಹೇಳು, ದಾರಿಯ ಮೇಲೆ ಗೂಬೆ ಕೂರಿಸಬೇಡ.

ಅವನು ನಿನ್ನ ಕೆರೆಯ ಫೋಟೋ ತೋರಿಸಿದ. ನೋಡಿ ನನಗೆ ಜೀವ ಬಂದ ಹಾಗಾಯಿತು. ದಡದಿಂದ ದಡಕ್ಕೆ ನೀರು, ಬೆಟ್ಟದ ನೆರಳು ಪೂರ್ತಿ ಅದರಲ್ಲಿ ಮಲಗಿದೆ. ನಾನು ಮೊದಲು ಹುಡುಕಿದ್ದು ನೀರಿನ ಮಟ್ಟಕ್ಕೆಂದು ಗೋಡೆಯ ಕಲ್ಲಿನಲ್ಲಿ ಕೊರೆದ ಕಚ್ಚನ್ನು. ಫೋಟೋ ದೊಡ್ಡದು ಮಾಡಿಸಿ ನೋಡಿದೆ. ನೀರು ಕಚ್ಚು ಮುಟ್ಟಿದೆ, ಅಕ್ಕ. ಕಚ್ಚು ಮುಟ್ಟಿದರೆ ಕೆಳಗಿನವರ ಪಾಲು ಕೊಡಲೇಬೇಕು. ಇದು ನಾನು ಹೇಳುವುದಲ್ಲ, ಆ ಕಚ್ಚು ಕೊರೆಸಿದವರು ಹೇಳಿದ್ದು.

ಕೆರೆ ತುಂಬಿದೆ ಎಂದು ನೀನು ಒಂದು ಸಾಲು ಬರೆಯಲಿಲ್ಲ. ಚೆನ್ನಾಗಿದೆ ಎಂದು ಬಿಟ್ಟೆ. ಇಲ್ಲಿ ನಾನು ದಿನಾ ಬೆಳಿಗ್ಗೆ ದೋಣಿಕಟ್ಟೆಗೆ ಹೋಗಿ ಕೆಸರು ನೋಡಿ ಬರುತ್ತೇನೆ. ಯಾವತ್ತು ಬರಲಿ ಹೇಳು. ಇಬ್ಬರೂ ನಿಂತು ತೂಬು ತೆರೆದು, ಪಾಲು ಇಳಿದ ಕೂಡಲೇ ಮುಚ್ಚಿ, ಒಟ್ಟಿಗೆ ಊಟ ಮಾಡಿ ಬರುತ್ತೇನೆ.

ತಂಗಿ


ಮೇಲಿನ ಕೆರೆ
ಫೆಬ್ರವರಿ ೧೫

ಪುಟ್ಟೀ,

ಹಂಡೆಯನ್ನು ನೀನೇ ಇಟ್ಟುಕೋ. ಅದರಲ್ಲಿ ನೀರು ಕಾಯಿಸಿ ಶಿಳ್ಳೆ ಸಾಹೇಬನಿಗೆ ಸ್ನಾನ ಮಾಡಿಸು.

ಯಾವನೋ ದಾರಿಹೋಕ ತಂದ ಚಿತ್ರ ನೋಡಿ ನನ್ನ ಕೆರೆಯ ಲೆಕ್ಕ ನನಗೇ ಹೇಳುತ್ತೀಯಲ್ಲ. ದೂರದ ಬೆಟ್ಟ ನುಣ್ಣಗೆ. ಈ ವರ್ಷ ಪಾಲು ಇಲ್ಲ. ಯಾಕೆ ಎಂದು ಕೇಳಬೇಡ. ಇಲ್ಲ ಎಂದು ನಾನು ಸುಮ್ಮಸುಮ್ಮನೆ ಅನ್ನುವವಳಲ್ಲ ಎಂದು ನಿನಗೆ ಗೊತ್ತಿರಬೇಕಿತ್ತು. ಹುಟ್ಟಿದಾಗಿನಿಂದ ನನ್ನ ಜೊತೆ ಒಂದೇ ಚಾಪೆಯಲ್ಲಿ ಮಲಗಿದವಳಿಗೆ ಅಷ್ಟೂ ಗೊತ್ತಿಲ್ಲ ಎಂದರೆ ನಾನೇನು ಬರೆಯಲಿ.

ತಿಂಗಳ ಕೊನೆಯ ವಾರ ಅತ್ತೆಯನ್ನು ಆಚೆ ಕಣಿವೆಯ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ. ಪೊರೆ ತೆಗೆಸಿ, ಪಟ್ಟಿ ಬಿಚ್ಚುವ ತನಕ ಅಲ್ಲೇ ಇರಬೇಕಂತೆ. ನಾನು ಇಲ್ಲದಾಗ ನಿನ್ನ ಜನರನ್ನು ಮೇಲೆ ಕಳಿಸಬೇಡ, ನೋಡಿಕೊಳ್ಳುವವರು ಯಾರೂ ಇರುವುದಿಲ್ಲ.

ಅಕ್ಕ


ವಸತಿಗೃಹ
ಫೆಬ್ರವರಿ ೧೯

ಅಕ್ಕನಿಗೆ,

ಪತ್ರ ಓದಿದವಳೇ ಬರೆಯಲು ಕೂತೆ. ಸಿಟ್ಟಿನಿಂದ, ಬೇರೆ ಯಾವುದರಿಂದಲೂ ಅಲ್ಲ.

ಇಲ್ಲ ಎಂದರೆ ಇಲ್ಲ, ಕಾರಣ ಕೇಳಬಾರದು. ನೀನು ಯಾವಾಗಿನಿಂದ ಆ ನೀರಿನ ಒಡತಿಯಾದೆ? ನೀನು ಕಾವಲಿನವಳು, ನನ್ನ ಹಾಗೆಯೇ. ಆ ಬೆಟ್ಟದ ಮೇಲೆ ಕೂತು ಕೂತು ನಿನಗೆ ಕೆಳಗಿರುವವರೆಲ್ಲ ಇರುವೆಯ ಹಾಗೆ ಕಾಣಿಸುತ್ತಿರಬೇಕು. ನಾವು ಹಾಸಿಗೆ ಹಾಸಿ, ಎಂಜಲು ತೆಗೆದು, ಬಂದವರ ಮಕ್ಕಳ ವಾಂತಿ ಬಳಿದು ಬದುಕುತ್ತಿದ್ದೇವೆ, ಅದು ನಿನ್ನ ಕಣ್ಣಿಗೆ ಕೆಲಸವೇ ಅಲ್ಲ. ನಿನ್ನ ಕೆರೆ ಮಾತ್ರ ಕೆರೆ, ನಮ್ಮದು ಜನ ಚಪ್ಪಾಳೆ ತಟ್ಟುವ ತೊಟ್ಟಿ.

ನೀರು ಕಚ್ಚು ಮುಟ್ಟಿದೆ. ನಾನು ನನ್ನ ಕಣ್ಣಾರೆ ನೋಡಿದ್ದೇನೆ, ಫೋಟೋದಲ್ಲಿಯೇ ಆಗಲಿ. ಕೊಡುವುದಕ್ಕೆ ನಿನಗೆ ಮನಸ್ಸಿಲ್ಲ, ಅಷ್ಟೇ. ತಾನೂ ತಿನ್ನ, ಪರರಿಗೂ ಕೊಡ ಎನ್ನುವ ಜಾತಿ.

ಇನ್ನು ಕೇಳುವುದಿಲ್ಲ. ಅತ್ತೆಯ ಕಣ್ಣು ಚೆನ್ನಾಗಿ ಆಗಲಿ.

ತಂಗಿ


ಮೇಲಿನ ಕೆರೆ
ಮಾರ್ಚ್ ೪

ಇವಳಿಗೆ,

ತಂಗಿ ಎಂದು ಬರೆಯಲು ಕೈ ಬರುತ್ತಿಲ್ಲ.

ನಾನು ಆಸ್ಪತ್ರೆಯಲ್ಲಿ ಅತ್ತೆಯ ತಲೆ ಅಲುಗದ ಹಾಗೆ ಹಿಡಿದು ಕೂತಿದ್ದೆ. ನೀನು ಆ ದಿನವೇ ಬೀಗದ ಕೈಯನ್ನು ಶಿಳ್ಳೆಯವನ ಕೈಯಲ್ಲಿ ಕೊಟ್ಟು ಕಳಿಸಿದೆ. ನಾನು ಇರುವುದಿಲ್ಲ ಎಂದು ನಿನಗೆ ಹೇಳಿದವಳು ನಾನೇ. ಮನೆಯ ವಿಷಯ ಎಂದು ಬರೆದರೆ ಅದನ್ನು ಕಳ್ಳನಿಗೆ ದಾರಿ ಮಾಡಿಕೊಟ್ಟೆ. ಊರಿನವರು ತಡೆಯಲು ಹೋದರಂತೆ. "ಅಕ್ಕನಿಗೆ ಗೊತ್ತು, ತಂಗಿ ಬೀಗದ ಕೈ ಕೊಟ್ಟಿದ್ದಾರೆ ನೋಡಿ" ಎಂದನಂತೆ. ಬೀಗದ ಕೈ ನೋಡಿ ನಂಬಿದರು. ಅದನ್ನು ನಂಬಬೇಕು ಎಂದೇ ನಾವು ಅವರಿಗೆ ಇಷ್ಟು ವರ್ಷ ಹೇಳಿಕೊಂಡು ಬಂದದ್ದು.

ಚಕ್ರ ತಿರುಗಿಸಿದಾಗ ಮೊದಲು ಏನೂ ಬರಲಿಲ್ಲವಂತೆ. ಇನ್ನೂ ತಿರುಗಿಸಿದ್ದಾನೆ. ಪೂರ್ತಿ ತಿರುಗಿಸಿದ್ದಾನೆ. ಆಮೇಲೆ ತೂಬಿನ ಬಾಯಲ್ಲಿ ಕಟ್ಟಿಕೊಂಡಿದ್ದ ಹೂಳು ಒಮ್ಮೆಗೇ ಒಡೆದು ಕಲ್ಲು, ಮಣ್ಣು, ನೀರು ಎಲ್ಲ ಸೇರಿ ನುಗ್ಗಿದೆ. ಮುಚ್ಚಲು ನೋಡಿದರೆ ತೂಬಿನ ಬಾಗಿಲ ಕೆಳಗೆ ಕಲ್ಲು ಸಿಕ್ಕಿಕೊಂಡಿದೆ. ನಿನ್ನ ಸಾಹೇಬ ಶಿಳ್ಳೆ ಊದಿ ತನ್ನ ಆಳುಗಳನ್ನು ಕರೆದು ಜೀಪು ಹತ್ತಿ ಹೋದ. ಊರಿನ ಹೆಂಗಸರು ಗೋಣಿಚೀಲ ತುರುಕಿದರು, ಹಾಸಿಗೆ ತುರುಕಿದರು, ಒಬ್ಬಳು ಮನೆಯ ಬಾಗಿಲನ್ನೇ ಕಿತ್ತು ತಂದಳು. ನಿಲ್ಲಲಿಲ್ಲ.

ಫೋಟೋದಲ್ಲಿ ನೀನು ನೋಡಿದ ಕೆರೆ ಏನು ಎಂದು ಈಗ ಹೇಳುತ್ತೇನೆ ಕೇಳು. ಕಚ್ಚಿನ ಕೆಳಗೆ ಇದ್ದದ್ದು ಬಹುಪಾಲು ನೀರಲ್ಲ, ಹೂಳು. ಅದರ ಮೇಲೆ ಎದೆಮಟ್ಟ ನೀರು. ಹೋದ ವರ್ಷದ ಮಳೆಗೆ ಬೆಟ್ಟದ ಮಗ್ಗುಲು ಜಾರಿ ಕೆರೆಗೆ ಬಿತ್ತು. ನೀರು ಮೇಲೆದ್ದಿತು, ತುಂಬಿದ ಹಾಗೆ ಕಂಡಿತು. ಕಚ್ಚಿಗೆ ಅಡಿಯಲ್ಲಿ ಏನಿದೆ ಎಂದು ಹೇಗೆ ಗೊತ್ತಾಗಬೇಕು? ಆ ಎದೆಮಟ್ಟದ ನೀರಿನಲ್ಲಿ ನಾವು ಮಳೆಯ ತನಕ ಬದುಕಬೇಕಿತ್ತು. ಕುಡಿಯಲು, ಕುರಿಗೆ, ಹಿತ್ತಲ ಗಿಡಕ್ಕೆ, ಎಲ್ಲಕ್ಕೂ ಅಳೆದು ಮೊಗೆಯುತ್ತಿದ್ದೆವು.

ನಾನು ಬಂದಾಗ ಕೆಸರಿನಲ್ಲಿ ಮೀನು ಬಾಯಿ ಬಿಡುತ್ತಿದ್ದವು. ಊರಲ್ಲೇ ಉಳಿದಿದ್ದ ಕುರಿಗಳು ನೀರಿನ ವಾಸನೆಗೆ ಇಳಿದು ಕುತ್ತಿಗೆಯ ತನಕ ಹೂತು ನಿಂತಿದ್ದವು, ಹಗ್ಗ ಹಾಕಿ ಎಳೆದೆವು, ಕೆಲವು ಬಂದವು. ಅತ್ತೆ ನನ್ನ ಜೊತೆ ಇದ್ದರು. ಎಷ್ಟೋ ವರ್ಷದ ಮೇಲೆ ಕಣ್ಣು ಬಂದಿದೆ, ಮೊದಲು ಕೆರೆ ನೋಡುತ್ತೇನೆ ಎಂದು ದಾರಿಯುದ್ದಕ್ಕೂ ಹೇಳುತ್ತಿದ್ದರು. ಗೋಡೆಯ ಹತ್ತಿರ ನಿಂತು ಬಹಳ ಹೊತ್ತು ನೋಡಿ, "ಇದ್ಯಾವ ಊರೇ? ನಮ್ಮೂರಿಗೆ ಕರ್ಕೊಂಡು ಹೋಗು" ಎಂದರು.

ಅವರಿಗೆ ಏನು ಹೇಳಲಿ, ನೀನೇ ಬರೆದು ಕಳಿಸು.


ವಸತಿಗೃಹ
ಮಾರ್ಚ್ ೮

ಅಕ್ಕಾ,

ಬೈಯಿ. ನೀನಿಲ್ಲದ ದಿನ ನೋಡಿಯೇ ಕಳಿಸಿದೆ, ಅದನ್ನು ಇಲ್ಲ ಎನ್ನುವುದಿಲ್ಲ. ನೀನು ಎದುರು ನಿಂತರೆ ನನಗೆ ಧೈರ್ಯ ಬರುವುದಿಲ್ಲ. ಕಚ್ಚಿನಿಂದ ಒಂದು ಮೊಳ ಇಳಿದ ಕೂಡಲೇ ಮುಚ್ಚಬೇಕು ಎಂದು ಅವನಿಗೆ ಸಾರಿ ಸಾರಿ ಹೇಳಿದ್ದೆ. ಓಡಿಹೋದದ್ದನ್ನು ಅವನು ನನಗೂ ಹೇಳಲಿಲ್ಲ. "ಕೆಲಸ ಆಯ್ತು" ಅಂದ. ಸತ್ತ ಮೀನು ಜಲಾಶಯಕ್ಕೆ ತೇಲಿ ಬಂದಾಗಲೇ ನನಗೆ ಏನೋ ಆಗಿದೆ ಎಂದು ಗೊತ್ತಾದದ್ದು.

ನಮಗೂ ನೀರು ಬರಲಿಲ್ಲ. ಮಣ್ಣು ಬಂತು. ಅರ್ಧ ದಾರಿಯಲ್ಲೇ ಒಣಗಿದ ಹಳ್ಳ ಕುಡಿದುಬಿಟ್ಟಿತು, ಉಳಿದದ್ದು ಕೆಂಪಗೆ ಬಂದು ದೋಣಿಕಟ್ಟೆಯ ಸುತ್ತ ನಿಂತಿದೆ, ನಾರುತ್ತಿದೆ. ಬಂದಿದ್ದ ಜನ ಮೂಗು ಮುಚ್ಚಿಕೊಂಡು ಹೋದರು. ಶಿಳ್ಳೆ ಸಾಹೇಬ ನಿನ್ನೆ ದೋಣಿಗಳನ್ನು ಲಾರಿಗೆ ಹೇರಿದ. ಇವರು ಸೌಟು ಹಿಡಿದುಕೊಂಡೇ ಅಂಗಳದ ತನಕ ಅಟ್ಟಿಸಿಕೊಂಡು ಹೋದರು. ಏನು ಪ್ರಯೋಜನ, ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು.

ಆದರೆ ನನಗೂ ಸಿಟ್ಟಿದೆ, ಅದನ್ನು ನುಂಗಿಕೊಳ್ಳುವುದಿಲ್ಲ. ಒಂದು ವರ್ಷದಿಂದ ಹೂಳು ತುಂಬಿದೆ. ನನಗೆ ಒಂದು ಮಾತು ಬರೆದಿದ್ದರೆ ಸಾಕಿತ್ತು. ನಾನು ಹಂಡೆಯ ವಿಷಯ ಎಂದುಕೊಂಡು ಕೂತಿದ್ದೆ. ಇಬ್ಬರೂ ನಿಂತು ನೋಡಬೇಕು ಎನ್ನುವ ಕೆರೆಯನ್ನು ನೀನು ನನ್ನಿಂದ ಮುಚ್ಚಿಟ್ಟೆ. ಬರಬೇಡ ಎಂದೆ, ದಾರಿ ಕುಸಿದಿದೆ ಎಂದು ಸುಳ್ಳು ಹೇಳಿದೆ, ಚೆನ್ನಾಗಿದೆ ಎಂದೆ. ನಾನು ಕಳ್ಳಿಯಾದರೆ ನೀನು ಯಾರು? ಯಾಕೆ ಹೇಳಲಿಲ್ಲ? ಇದಕ್ಕೆ ಉತ್ತರ ಬೇಕು. ಅಪ್ಪನೂ ಇಲ್ಲ, ಅಮ್ಮನೂ ಇಲ್ಲ, ನನಗೆ ಇರುವುದು ನೀನೊಬ್ಬಳು. ನೀನೂ ನನ್ನನ್ನು ಹೊರಗಿನವಳ ಹಾಗೆ ಕಂಡೆ.

ಅತ್ತೆಗೆ ಹೇಳು, ನಿಮ್ಮ ಊರು ಹಾಳು ಮಾಡಿದ್ದು ನಿಮ್ಮ ಸೊಸೆಯ ತಂಗಿ ಎಂದು.


ಮೇಲಿನ ಕೆರೆ
ಮಾರ್ಚ್ ೧೩

ಯಾಕೆ ಹೇಳಲಿಲ್ಲ ಎಂದು ಕೇಳಿದ್ದೀ. ಹೇಳುತ್ತೇನೆ, ನೋವಾದರೆ ಆಗಲಿ.

ಬೆಟ್ಟದ ಆ ಬದಿಯ ಹಳ್ಳಿ ನೆನಪಿದೆಯಲ್ಲ, ಅವರ ಕೆರೆಯಲ್ಲೂ ಹೀಗೇ ಹೂಳು ತುಂಬಿತು. ನೀರಿನ ಇಲಾಖೆಯ ಎಂಜಿನಿಯರ್ ಬಂದು ಕೋಲು ಇಳಿಸಿ ನೋಡಿದ, ಆಳವಿಲ್ಲ ಎಂದ, ಕೆರೆ ಸತ್ತಿದೆ ಎಂದು ಬರೆದುಕೊಂಡು ಹೋದ. ಊರನ್ನೇ ಎಬ್ಬಿಸಿದರು. ಈಗ ಅವರೆಲ್ಲ ಬಯಲಿನಲ್ಲಿ ಇಟ್ಟಿಗೆ ಭಟ್ಟಿಯ ಹಿಂದೆ ತಗಡಿನ ಶೆಡ್ಡುಗಳಲ್ಲಿದ್ದಾರೆ. ಕುರಿಯೆಲ್ಲ ಮಾರಿದರು. ನನ್ನ ಊರಿಗೆ ಅದಾಗಬಾರದು ಎಂದು ನಾವೆಲ್ಲ ಬಾಯಿಗೆ ಬೀಗ ಹಾಕಿಕೊಂಡೆವು. ಬಿಡುವಾದಾಗ ನಾವೇ ಸ್ವಲ್ಪ ಸ್ವಲ್ಪ ಹೂಳು ತೆಗೆಯೋಣ ಎಂದುಕೊಂಡಿದ್ದೆವು. ನೀರು ನಿಂತಿರುವಾಗ ತೆಗೆಯಲಾಗಲಿಲ್ಲ.

ಆ ಎಂಜಿನಿಯರ್ ಈ ಕಡೆ ಬಂದಾಗಲೆಲ್ಲ ಉಳಿಯುವುದು ನಿನ್ನ ವಸತಿಗೃಹದಲ್ಲಿ. ಉಣ್ಣುವುದು ನಿನ್ನ ಗಂಡನ ಕೈಯಡುಗೆ. ನಿನ್ನ ಬಾಯಲ್ಲಿ ಎಳ್ಳು ನೆನೆಯುವುದಿಲ್ಲ, ಪುಟ್ಟೀ. ಚಿಕ್ಕಂದಿನಿಂದ ಹಾಗೇ. ಅವನಿಗೆ ಸಾರು ಬಡಿಸುತ್ತಾ, ಅಯ್ಯೋ ನಮ್ಮಕ್ಕನ ಕೆರೆಗೆ ಹೀಗಾಗಿದೆ ಎಂದು ನೀನು ಕಣ್ಣೀರು ಹಾಕುತ್ತಿದ್ದೆ. ಪ್ರೀತಿಯಿಂದಲೇ ಹಾಕುತ್ತಿದ್ದೆ. ಅವನು ಮಾರನೇ ದಿನ ಕೋಲು ಹಿಡಿದು ಬರುತ್ತಿದ್ದ.

ಈಗ ಕೇಳು. ಇಲ್ಲಿ ಕುಡಿಯಲು ನೀರಿಲ್ಲ. ಬಂಡೆಯ ಸಂದಿನಲ್ಲಿ ಜಿನುಗುವುದು ಕುರಿಗಳಿಗೂ ಅವನ್ನು ಕಾಯುವವರಿಗೂ ಮಾತ್ರ ಸಾಕು. ಉಳಿದವರೆಲ್ಲ ಇಳಿದು ಬರುತ್ತಿದ್ದೇವೆ. ಮುದುಕರು, ಬಾಣಂತಿ, ಮಕ್ಕಳು, ಹಾಸಿಗೆ, ಪಾತ್ರೆ, ಅತ್ತೆ, ಎಲ್ಲ. ನಮ್ಮ ನೀರು ಎಲ್ಲಿಗೆ ಹೋಯಿತೋ ಅಲ್ಲಿಗೇ ನಾವೂ ಬರುತ್ತೇವೆ. ನಿನ್ನ ಕೋಣೆಗಳನ್ನು ಖಾಲಿ ಮಾಡಿಸು. ಇದು ಕೇಳಿಕೊಳ್ಳುವುದಲ್ಲ, ತಿಳಿಸುವುದು.


ವಸತಿಗೃಹ
ಮಾರ್ಚ್ ೧೫

ಅಕ್ಕಾ, ಅವಸರದಲ್ಲಿ ಬರೆಯುತ್ತಿದ್ದೇನೆ. ಈ ತಿಂಗಳು ಬೇಡ. ಎಂಜಿನಿಯರ್ ತಿಂಗಳ ಕೊನೆಯಲ್ಲಿ ಬರುತ್ತೇನೆ ಎಂದು ಹೇಳಿ ಕಳಿಸಿದ್ದಾನೆ, ಅವನ ಕಣ್ಣಿಗೆ ನೀವೆಲ್ಲ ಬಿದ್ದರೆ ಕಥೆ ಮುಗಿಯಿತು. ಟ್ಯಾಂಕರ್ ಕಳಿಸಲು ಓಡಾಡುತ್ತಿದ್ದೇನೆ, ಆ ಏರು ಹತ್ತಲು ಯಾರೂ ಒಪ್ಪುತ್ತಿಲ್ಲ. ಇನ್ನೆರಡು ಕಡೆ ಕೇಳುತ್ತೇನೆ. ನೀನು ಬರೆದದ್ದನ್ನು ಓದಿದೆ. ಎಳ್ಳಿನ ಮಾತನ್ನೂ ಓದಿದೆ. ಅದಕ್ಕೆ ಆಮೇಲೆ ಉತ್ತರ ಕೊಡುತ್ತೇನೆ.


ನಿನ್ನದೇ ಮನೆಯ ಮಹಡಿ, ಮೂಲೆ ಕೋಣೆ
ಮಾರ್ಚ್ ೨೨

ವಸತಿಗೃಹದ ಒಡತಿಗೆ,

ಬಂದು ನಾಲ್ಕು ದಿನವಾಯಿತು. ಮಾತಾಡಿಸಿಲ್ಲ, ಮಾತಾಡಿಸುವುದೂ ಇಲ್ಲ. ನೀನು ಬಾಗಿಲಲ್ಲಿ ಬಂದು ನಿಂತರೆ ನಾನು ಗೋಡೆ ನೋಡುತ್ತೇನೆ, ನಿನಗೂ ಗೊತ್ತು. ಅದಕ್ಕೇ ಇದನ್ನು ಗುಡಿಸುವವಳ ಕೈಯಲ್ಲಿ ಕಳಿಸುತ್ತಿದ್ದೇನೆ. ಅವಳು ನಮ್ಮಿಬ್ಬರನ್ನೂ ನೋಡಿ ನಗುತ್ತಾಳೆ, ನಗಲಿ.

ಕೆಲವು ವಿಷಯ ಬರೆಯಬೇಕಾಗಿದೆ. ಒಂದು, ನಮ್ಮವರಿಗೆ ದಿನಾ ಹಾಸಿಗೆಯ ಬಟ್ಟೆ ಬದಲಿಸಬೇಡ. ಅವರಿಗೆ ಮುಜುಗರ, ಬೆಳಿಗ್ಗೆ ಎದ್ದು ತಾವೇ ಒಗೆಯಲು ಹೋಗುತ್ತಾರೆ, ನೀರು ದಂಡ. ಬಚ್ಚಲಲ್ಲಿ ನಲ್ಲಿ ತಿರುಗಿಸಿದರೆ ನೀರು ಬರುವುದನ್ನು ನೋಡಿ ಬಾಣಂತಿ ನಿನ್ನೆ ಅತ್ತಳು. ನಮ್ಮನ್ನು ಖಾಲಿ ಮಾಡಿಸಿದ ಮನೆಯಲ್ಲಿ ನಲ್ಲಿ ಹೀಗೆ ಸುರಿಯುತ್ತದೆ ಎಂದು ನನಗೆ ಹೊಟ್ಟೆ ಉರಿಯಿತು. ನೀನು ಕೆಳಗೆ ನಿನ್ನ ಮನೆಯವರಿಗೆಲ್ಲ ಬಕೆಟ್ಟಿನಲ್ಲಿ ಅಳೆದು ಕೊಡುತ್ತಿದ್ದೀ ಎಂದು ಗುಡಿಸುವವಳು ಹೇಳಿದಳು. ಉರಿ ಆಮೇಲೂ ಹೋಗಲಿಲ್ಲ, ಎಲ್ಲಿ ಇಡುವುದು ಎಂದು ತಿಳಿಯದೆ ಒದ್ದಾಡಿದೆ.

ಇನ್ನೊಂದು, ಅತ್ತೆ ನಿನ್ನ ಅಡುಗೆಮನೆಗೆ ಇಳಿದು ಹೋಗಿ ಕೂರುತ್ತಾರೆ. ನಿನ್ನ ಗಂಡನ ಸಾರಿಗೆ ಉಪ್ಪು ಹೆಚ್ಚು ಎಂದು ಅವರಿಗೇ ಹೇಳಿದರಂತೆ. ಅವರು ಅಲ್ಲಿಗೆ ಹೋಗುತ್ತಾರೆ ಎಂದ ಮಾತ್ರಕ್ಕೆ ನಾನೂ ಬರುತ್ತೇನೆ ಎಂದುಕೊಳ್ಳಬೇಡ.

ಮೂಲೆ ಕೋಣೆಯವಳು


ಕೆಳಗೆ, ಕಚೇರಿಯ ಮೇಜು
ಮಾರ್ಚ್ ೨೪

ಅಕ್ಕಾ,

ಇವತ್ತು ಬೆಳಿಗ್ಗೆ ನೀನು ಮಹಡಿಯ ಕಟಾಂಜನದಿಂದ ನೋಡುತ್ತಿದ್ದೆ, ನನಗೆ ಕಂಡಿತು. ಎಂಜಿನಿಯರ್ ಹೇಳಿದ್ದಕ್ಕಿಂತ ಮೊದಲೇ ಬಂದ. ನಾನು ಅವನಿಗೆ ಏನು ಹೇಳಿದೆ ಎಂದು ನಿನಗೆ ಕೇಳಿಸಿರಲಿಕ್ಕಿಲ್ಲ.

ತಿಂಡಿಗೆ ಕೂತವನು ಅಂಗಳ ತುಂಬ ಒಣಗಲು ಹಾಕಿದ್ದ ಬಟ್ಟೆ ನೋಡಿ, "ಏನಮ್ಮಾ, ಇಷ್ಟೊಂದು ಜನ?" ಅಂದ.

"ನಮ್ಮಕ್ಕನ ಕಡೆಯವರು. ಬೇಸಿಗೆಗೆ ಬಂದಿದ್ದಾರೆ" ಅಂದೆ.

"ಜಲಾಶಯಕ್ಕೆ ಮಣ್ಣು ಬಂದಿದೆಯಲ್ಲ, ಎಲ್ಲಿಂದ?"

"ಹಳ್ಳದ ದಂಡೆ ಕುಸೀತು ಸಾರ್."

"ಮೇಲಿನ ಕೆರೆ ಹೇಗಿದೆ?"

"ಚೆನ್ನಾಗಿದೆ" ಅಂದೆ. ನೀನು ನನಗೆ ಬರೆದ ಹಾಗೆಯೇ. ಕೈಯಲ್ಲಿದ್ದ ತಟ್ಟೆ ಸ್ವಲ್ಪವೂ ಅಲುಗಲಿಲ್ಲ. ನಾನು ಹೇಳುವುದಿಲ್ಲ ಎಂದರೆ ಹೇಳುವುದಿಲ್ಲ. ಅದನ್ನು ತಿಳಿದುಕೊಳ್ಳಲು ನೀನು ನನಗೆ ಒಂದು ಅವಕಾಶ ಕೊಡಬೇಕಿತ್ತು. ಅದೇ ನನ್ನ ಸಿಟ್ಟು. ನಾನು ಮಾಡಿದ್ದು ದೊಡ್ಡ ತಪ್ಪು, ಸಾಯುವ ತನಕ ಹೊರುತ್ತೇನೆ, ಆದರೆ ಈ ಸಿಟ್ಟನ್ನು ಅದರ ಕೆಳಗೆ ಬಚ್ಚಿಡುವುದಿಲ್ಲ.

ಮಳೆಗೆ ಮುಂಚೆ ಎಲ್ಲ ಕೆರೆಗಳನ್ನೂ ನೋಡಿ ಬರಬೇಕಂತೆ ಅವನು. ನಿನ್ನದು ಕೊನೆಯಲ್ಲಿದೆ, ಮೇ ತಿಂಗಳಲ್ಲಿ. ನಾನು ಕೇಳಿದೆ, ನೀರಿಲ್ಲದ ಕೆರೆ ಕಂಡರೆ ಸತ್ತಿದೆ ಎಂದು ಬರೆಯುತ್ತೀರಾ ಎಂದು. "ಬೇಸಿಗೆಯಲ್ಲಿ ನೀರಿಲ್ಲದಿದ್ದರೆ ಪರವಾಗಿಲ್ಲಮ್ಮ, ಆಳ ಇರಬೇಕು. ಆಳ ಇದ್ರೆ ಮಳೆ ಬಂದಾಗ ತುಂಬುತ್ತೆ" ಅಂದ.

ಅಕ್ಕಾ, ಕೆರೆ ಈಗ ಖಾಲಿ. ನೀರು ನಿಂತಿದ್ದಾಗ ಹೂಳು ತೆಗೆಯಲಾಗಲಿಲ್ಲ ಎಂದು ನೀನೇ ಬರೆದೆ. ಮೇಲ್ಪದರ ಇಷ್ಟು ಹೊತ್ತಿಗೆ ಗಟ್ಟಿಯಾಗಿರುತ್ತದೆ. ದೋಣಿ ಹೋದ ಮೇಲೆ ಇಲ್ಲಿಯ ಹುಟ್ಟು ಹಾಕುವವರಿಗೆ ಕೆಲಸವಿಲ್ಲ, ಅವರನ್ನು ಕೇಳಿದೆ, ಬರುತ್ತಾರೆ. ಇವರು ಅಲ್ಲೇ ಒಲೆ ಹೂಡುತ್ತಾರಂತೆ, ಉಪ್ಪು ಕಮ್ಮಿ ಹಾಕಿ. ಕೋಣೆಗಳು ನಿಮ್ಮ ಮುದುಕರಿಗೂ ಮಕ್ಕಳಿಗೂ ಮಳೆಯ ತನಕ ಇರಲಿ. ಬೇರೆ ಯಾರನ್ನೂ ಸೇರಿಸುವುದಿಲ್ಲ, ವಸತಿಗೃಹ ಎಂದು ಬರೆದ ಹೊರಗಿನ ಹಲಗೆ ಇಳಿಸಿದ್ದೇನೆ.

ನಾನು ಬರಲೋ ಬೇಡವೋ, ನೀನು ಹೇಳು. ಈ ಸಲ ಕೇಳದೆ ಬರುವುದಿಲ್ಲ.

ತಂಗಿ


ಮಹಡಿ, ಮೂಲೆ ಕೋಣೆ
ಮಾರ್ಚ್ ೨೪, ಮಧ್ಯಾಹ್ನ

ಪುಟ್ಟೀ,

ಸಲಿಕೆಗಳು ಸಾಲುವುದಿಲ್ಲ, ಬುಟ್ಟಿಗಳೂ ಬೇಕು. ಹುಟ್ಟು ಹಾಕುವವರಿಗೆ ಹೇಳು, ಅಲ್ಲಿ ಶಿಳ್ಳೆ ಊದಿ ಯಾರೂ ಊಟಕ್ಕೆ ಕರೆಯುವುದಿಲ್ಲ. ತೂಬಿನ ಬಾಯಿಂದ ಶುರು ಮಾಡಬೇಕು, ಕಲ್ಲು ಅಲ್ಲೇ ಸಿಕ್ಕಿಕೊಂಡಿರುವುದು. ನಾಡಿದ್ದು ಬೆಳಿಗ್ಗೆ ಹೊರಡೋಣ. ನೀನೂ ಬಾ. ನಿನ್ನ ಮಂಡಿ ನೋಯುತ್ತದೆ ಎಂದು ನಾನು ಬುಟ್ಟಿ ಕಮ್ಮಿ ಹೊರಿಸುವುದಿಲ್ಲ.

ಎಂಜಿನಿಯರನಿಗೆ ಹೇಳಿದ್ದು ಕೇಳಿಸಿತು. ಅತ್ತೆ ಅಡುಗೆಮನೆಯ ಬಾಗಿಲಲ್ಲೇ ಇದ್ದರು, ಬಂದು ಒಂದಕ್ಷರ ಬಿಡದೆ ಹೇಳಿದರು. ನಿನ್ನನ್ನು ನಂಬಬೇಕಿತ್ತು. ನಂಬಲಿಲ್ಲ. ಅದಕ್ಕೆ ನೀನು ಎಷ್ಟು ಬೈದರೂ ನಾನು ಕೇಳಿಸಿಕೊಳ್ಳಬೇಕಾದದ್ದೇ.

ಆದರೆ ಬೀಗದ ಕೈ ಅವನಿಗೆ ಕೊಟ್ಟೆಯಲ್ಲ, ಅದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಆ ಕುರಿಗಳ ಕಣ್ಣು ನನ್ನ ಎದುರಿನಿಂದ ಹೋಗುವುದಿಲ್ಲ. ಅಷ್ಟನ್ನೂ ನಿನಗೆ ಹೇಳಬೇಕು, ಒಂದೊಂದಾಗಿ, ನೀನು ಎದುರು ಕೂತು ಕೇಳಬೇಕು. ಇದಕ್ಕೆ ಉತ್ತರ ಬರೆಯಬೇಡ. ಬೈಯುವುದು ಇನ್ನೂ ಬಹಳ ಇದೆ, ಬರೆದು ಬರೆದು ನನ್ನ ಕೈ ನೋಯುತ್ತಿದೆ. ಮೆಟ್ಟಿಲು ಹತ್ತಿ ಮೇಲೆ ಬಾ.